ಒನ್‌ಡ್ರೈವ್ ಸಿಂಕ್ ಇದೆ, ಹಾರ್ಡ್ ಡಿಸ್ಕ್‌ನಲ್ಲಿ ಕಾಪಿಯೂ ಇದೆ: ಇದನ್ನು ಬ್ಯಾಕಪ್ ಅನ್ನಬಹುದೇ?

ಪ್ರಶ್ನೆ

ವಿಂಡೋಸ್ 11 ಹೋಮ್ ಇರುವ ಲ್ಯಾಪ್‌ಟಾಪ್, ಒಳಗೆ 1 ಟಿಬಿ ಎಸ್‌ಎಸ್‌ಡಿ. ಹೋದರೆ ಮತ್ತೆ ಎಲ್ಲಿಂದಲೂ ಸಿಗದ ಡೇಟಾ ಒಟ್ಟು 380 ಜಿಬಿ ಇದೆ. ಫೋಟೋ 240 ಜಿಬಿ, ಅಂದರೆ ಸುಮಾರು 60,000 ಫೈಲು. ವಿಡಿಯೊ 90 ಜಿಬಿ. ಬರವಣಿಗೆ, ಸ್ಕ್ಯಾನ್ ಮಾಡಿದ ದಾಖಲೆ, ಕೆಲಸದ ಫೋಲ್ಡರ್ ಎಲ್ಲ ಸೇರಿ 40 ಜಿಬಿ. ಔಟ್‌ಲುಕ್‌ನ ಮೇಲ್‌ಗಳೆಲ್ಲ ಇರುವ ಪಿಎಸ್‌ಟಿ ಫೈಲ್ ಒಂದೇ 10 ಜಿಬಿ.

ಈಗ ದಾಖಲೆಗಳ ಫೋಲ್ಡರ್ ಒನ್‌ಡ್ರೈವ್‌ಗೆ ಸಿಂಕ್ ಆಗುತ್ತದೆ. ಉಳಿದದ್ದನ್ನು ತಿಂಗಳಿಗೊಮ್ಮೆ 2 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗೆ ಎಳೆದು ಹಾಕಿ "ರಿಪ್ಲೇಸ್" ಒತ್ತುತ್ತೇನೆ. ಡಿಸ್ಕ್ ಬಹುತೇಕ ಲ್ಯಾಪ್‌ಟಾಪ್‌ಗೆ ಚುಚ್ಚಿಕೊಂಡೇ ಇರುತ್ತದೆ.

ಇಷ್ಟು ಸಾಕೇ? ಸಾಲದಿದ್ದರೆ ಯಾವುದು ಮೊದಲು ಸರಿಪಡಿಸಬೇಕು? ಇನ್ನೊಂದು ಡಿಸ್ಕ್ ಕೊಳ್ಳಲು ತಯಾರಿದ್ದೇನೆ. ಅದು ಹಾರ್ಡ್ ಡಿಸ್ಕ್ ಆಗಬೇಕೋ ಎಸ್‌ಎಸ್‌ಡಿ ಆಗಬೇಕೋ? ಇಡೀ ಸಿಸ್ಟಮ್‌ನ ಇಮೇಜ್ (ವಿಂಡೋಸ್ ಸಮೇತ ಡಿಸ್ಕ್‌ನ ಪಡಿಯಚ್ಚು) ತೆಗೆಯಬೇಕೋ, ಫೈಲುಗಳು ಮಾತ್ರ ಸಾಕೋ? ಆಜ್ಞೆ ಬರೆದು ಓಡಿಸಲು ಬರುತ್ತದೆ, ಹಾಗಾಗಿ ವಿವರವಾಗಿಯೇ ಹೇಳಿ.

ಉತ್ತರ 1

ಸಾಲದು. ಮೊದಲು ಸರಿಪಡಿಸಬೇಕಾದದ್ದು ಡಿಸ್ಕ್ ಅಲ್ಲ, ಸಿಂಕ್ ಮೇಲೆ ಇಟ್ಟಿರುವ ನಂಬಿಕೆ.

ಸಿಂಕ್ ಮಾಡುವ ಕೆಲಸ ಎರಡು ಕಡೆ ಒಂದೇ ಥರ ಇರುವಂತೆ ನೋಡಿಕೊಳ್ಳುವುದು. ಇಲ್ಲಿ ಡಿಲೀಟ್ ಮಾಡಿದರೆ ಅಲ್ಲೂ ಡಿಲೀಟ್. ಇಲ್ಲಿ ಫೈಲ್ ಕೆಟ್ಟು ಸೇವ್ ಆದರೆ ಕೆಲವೇ ಕ್ಷಣದಲ್ಲಿ ಅಲ್ಲಿಯದೂ ಕೆಟ್ಟದ್ದೇ. ತಪ್ಪು ಬೇಗ ಗೊತ್ತಾದರೆ ದಾರಿ ಇದೆ: ಒನ್‌ಡ್ರೈವ್ ವೈಯಕ್ತಿಕ ಖಾತೆಯಲ್ಲಿ ಅಳಿಸಿದ ಫೈಲು ರೀಸೈಕಲ್ ಬಿನ್‌ನಲ್ಲಿ 30 ದಿನ ಇರುತ್ತದೆ, ಒಂದು ಫೈಲಿನ ಕೊನೆಯ 25 ಆವೃತ್ತಿಗಳವರೆಗೆ ಹಿಂದಕ್ಕೆ ಹೋಗಬಹುದು. ಆದರೆ ಹಳೆಯ ಫೋಲ್ಡರ್‌ನಿಂದ ಒಂದು ಫೈಲು ಹೋಗಿದೆ ಎಂದು ತಿಳಿಯುವುದು ಸಾಮಾನ್ಯವಾಗಿ ಆರು ತಿಂಗಳ ನಂತರ, ಅದು ಬೇಕಾದಾಗ. ಅಷ್ಟರಲ್ಲಿ ಆ 30 ದಿನ ಎಂದೋ ಮುಗಿದಿರುತ್ತದೆ.

ಎರಡನೆಯ ತೊಂದರೆ ಇನ್ನೂ ಸೂಕ್ಷ್ಮ. ಫೈಲ್ಸ್ ಆನ್ ಡಿಮ್ಯಾಂಡ್ ಚಾಲೂ ಇದ್ದರೆ ನಿಮ್ಮ ಫೋಲ್ಡರ್‌ನಲ್ಲಿ ಕಾಣುವ ಎಲ್ಲ ಫೈಲೂ ನಿಮ್ಮ ಎಸ್‌ಎಸ್‌ಡಿಯಲ್ಲಿ ಇರುವುದಿಲ್ಲ. ಎಕ್ಸ್‌ಪ್ಲೋರರ್‌ನಲ್ಲಿ ಸ್ಟೇಟಸ್ ಕಾಲಮ್ ನೋಡಿ. ಮೋಡದ ಚಿಹ್ನೆ ಇದ್ದರೆ ಅಲ್ಲಿರುವುದು ಬರೀ ಹೆಸರು, ಒಳಗಿನದು ಸರ್ವರ್‌ನಲ್ಲಿದೆ. ಹಸಿರು ತುಂಬಿದ ವೃತ್ತದೊಳಗೆ ಬಿಳಿ ಟಿಕ್ ಇದ್ದರೆ ಮಾತ್ರ ಅದು ಯಾವಾಗಲೂ ನಿಮ್ಮಲ್ಲೇ ಇರುವಂಥದ್ದು. ಮೋಡದ ಫೈಲುಗಳನ್ನು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಲು ಹೋದರೆ ಒಂದೊಂದೇ ಡೌನ್‌ಲೋಡ್ ಆಗುತ್ತ ಎಸ್‌ಎಸ್‌ಡಿ ತುಂಬುತ್ತದೆ, ನೆಟ್ ಇಲ್ಲದಿದ್ದರೆ ಎರರ್ ಬಂದು ಬಿಟ್ಟುಹೋಗುತ್ತದೆ. ಬ್ಯಾಕಪ್‌ಗೆ ಸೇರಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಆರಿಸಿ. ನಿಮ್ಮದು 40 ಜಿಬಿ ಅಷ್ಟೆ, ಜಾಗಕ್ಕೆ ಕೊರತೆಯಿಲ್ಲ.

ಗೂಗಲ್ ಡಾಕ್ಸ್ ಬಳಸುವವರಿಗೂ ಇಲ್ಲೇ ಒಂದು ಮಾತು: ಡ್ರೈವ್ ಫೋಲ್ಡರ್‌ನಲ್ಲಿ ಕಾಣುವ ಜಿಡಾಕ್ ಫೈಲು ಬರೀ ವಿಳಾಸದ ಚೀಟಿ. ಅದನ್ನು ಎಷ್ಟು ಡಿಸ್ಕ್‌ಗೆ ಕಾಪಿ ಮಾಡಿದರೂ ಒಳಗೆ ನಿಮ್ಮ ಬರಹದ ಒಂದು ಅಕ್ಷರವೂ ಇರುವುದಿಲ್ಲ. ಗೂಗಲ್ ಟೇಕೌಟ್ ಮೂಲಕ ವರ್ಡ್ ಫೈಲುಗಳಾಗಿ ಇಳಿಸಿಕೊಳ್ಳಬೇಕು.

ಇನ್ನು ಯಾವಾಗಲೂ ಚುಚ್ಚಿಕೊಂಡಿರುವ ಡಿಸ್ಕ್. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಪ್ರೋಗ್ರಾಂ) ನುಗ್ಗಿದರೆ ಅದು ಸಿ ಡ್ರೈವ್‌ಗೇ ನಿಲ್ಲುವುದಿಲ್ಲ, ಡ್ರೈವ್ ಅಕ್ಷರ ಇರುವ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡುತ್ತದೆ. 2017ರ ಮೇ ತಿಂಗಳಲ್ಲಿ ಹಬ್ಬಿದ ವನ್ನಾಕ್ರೈ ಜೋಡಿಸಿದ್ದ ಹೊರಗಿನ ಡ್ರೈವ್‌ಗಳನ್ನೂ ಮುಟ್ಟಿತು, ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ಪ್ರತಿಗಳಾದ ಶ್ಯಾಡೋ ಕಾಪಿಗಳನ್ನೂ ಅಳಿಸಿತು. ಅದು ಬಿಡಿ, ವಿದ್ಯುತ್ ಏರುಪೇರು, ಲ್ಯಾಪ್‌ಟಾಪ್ ಸಮೇತ ಕಳವು, ಮೇಜಿನ ಮೇಲೆ ನೀರು ಚೆಲ್ಲುವುದು, ಇವೆಲ್ಲಕ್ಕೂ ಎರಡು ಕಾಪಿ ಒಂದೇ ಏಟಿಗೆ ಸಿಗುತ್ತವೆ. ಬ್ಯಾಕಪ್ ಮುಗಿದ ಕೂಡಲೇ ಇಜೆಕ್ಟ್ ಮಾಡಿ ಕೇಬಲ್ ಕಿತ್ತು ಇಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಇಂದೇ ಮಾಡಬಹುದು.

ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಲೆಕ್ಕ ನಿಮಗೆ ಗೊತ್ತಿರಬಹುದು: ಮೂಲವೂ ಸೇರಿ 3 ಪ್ರತಿ, 2 ಬೇರೆ ಬೇರೆ ಮಾಧ್ಯಮ, 1 ಪ್ರತಿ ಬೇರೆ ಜಾಗದಲ್ಲಿ. ನಿಮ್ಮಲ್ಲಿ ಫೋಟೋಗಳಿಗೆ 2 ಪ್ರತಿ ಇವೆ, ಬೇರೆ ಜಾಗದಲ್ಲಿ ಒಂದೂ ಇಲ್ಲ. ಎರಡನೆಯ ಡಿಸ್ಕ್ ಕೊಂಡು ಅದನ್ನು ಬೇರೆ ಕಟ್ಟಡದಲ್ಲಿ ಇಡುವುದು ಈ ಕೊರತೆಗೆ ಉತ್ತರ. ನೆಟ್ ಮೂಲಕ ಕಳಿಸುವ ಯೋಚನೆ ಇದ್ದರೆ ಮೊದಲು ಅಪ್‌ಲೋಡ್ ವೇಗ ಅಳೆಯಿರಿ. 10 ಎಂಬಿಪಿಎಸ್ ಇದ್ದರೆ 380 ಜಿಬಿ ಹೋಗಲು ಎಡೆಬಿಡದೆ 84 ಗಂಟೆ ಬೇಕು. ಮೊದಲ ಸಲ ಮಾತ್ರ ಇಷ್ಟು, ಆಮೇಲೆ ಬದಲಾದದ್ದಷ್ಟೇ ಹೋಗುತ್ತದೆ.

ಇಮೇಜ್ ಬಗ್ಗೆ: ವಿಂಡೋಸ್ ಮತ್ತೆ ಹಾಕಿಕೊಳ್ಳಬಹುದು, ಫೋಟೋ ಮತ್ತೆ ತೆಗೆಯಲಾಗದು. ಫೈಲು ಮೊದಲು. ಇಮೇಜ್ ಬೇಕೆಂದರೆ ಮೂರು ತಿಂಗಳಿಗೊಮ್ಮೆ ಕ್ಲೋನ್‌ಜಿಲ್ಲಾ ಎಂಬ ಪ್ರೋಗ್ರಾಂನಿಂದ ತೆಗೆಯಿರಿ. ಎರಡು ವಿಷಯ ನೆನಪಿರಲಿ. ಅದನ್ನು ಮರಳಿ ಹಾಕುವ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಡ್ರೈವ್‌ಗೆ ವಿಂಡೋಸ್‌ನ ಎನ್‌ಕ್ರಿಪ್ಶನ್ ಆದ ಬಿಟ್‌ಲಾಕರ್‌ನಿಂದ ಬೀಗ ಹಾಕಿದ್ದರೆ ಕ್ಲೋನ್‌ಜಿಲ್ಲಾಕ್ಕೆ ಒಳಗಿನ ಫೈಲು ತಿಳಿಯುವುದಿಲ್ಲ, ಖಾಲಿ ಜಾಗವನ್ನೂ ಸೇರಿಸಿ ಸೆಕ್ಟರ್ ಸೆಕ್ಟರ್ ಕಾಪಿ ಮಾಡುತ್ತದೆ, ಇಮೇಜ್ ಹೆಚ್ಚುಕಡಿಮೆ 1 ಟಿಬಿಯೇ ಆಗುತ್ತದೆ.

ಉತ್ತರ 2

ಎಳೆದು ಹಾಕಿ "ರಿಪ್ಲೇಸ್" ಒತ್ತುವುದನ್ನು ದಯವಿಟ್ಟು ನಿಲ್ಲಿಸಿ. 60,000 ಫೈಲಿನ ನಡುವೆ ಒಂದು ಎರರ್ ಬಂದು "ಸ್ಕಿಪ್" ಒತ್ತಿದರೆ ಯಾವುದು ಬಿಟ್ಟುಹೋಯಿತೆಂದು ಹೇಳುವವರು ಯಾರೂ ಇಲ್ಲ. ವಿಂಡೋಸ್ ವಿಸ್ಟಾದಿಂದ ಈಚೆಗೆ ರೋಬೋಕಾಪಿ ಎಂಬ ಕಾಪಿ ಮಾಡುವ ಆಜ್ಞೆ ಒಳಗೇ ಬರುತ್ತದೆ, ಅದನ್ನು ಬಳಸಿ. ಆಜ್ಞೆಯ ರೂಪ ಹೀಗೆ (ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ, ಇದೆಲ್ಲ ಒಂದೇ ಸಾಲು):

ರೋಬೋಕಾಪಿ "ಸಿ:\ಯೂಸರ್ಸ್\ಹೆಸರು\ಪಿಕ್ಚರ್ಸ್" "ಎಕ್ಸ್:\ನಕಲು\ಪಿಕ್ಚರ್ಸ್" /ಇ /ಎಕ್ಸ್‌ಜೆ /ಆರ್:2 /ಡಬ್ಲ್ಯೂ:5 /ಡಿಕಾಪಿ:ಡಿಎಟಿ /ಎನ್‌ಪಿ /ಯುನಿಲಾಗ್:"ಎಕ್ಸ್:\ಲಾಗ್\ಪಿಕ್ಚರ್ಸ್.ಟಿಎಕ್ಸ್‌ಟಿ"

/ಇ ಅಂದರೆ ಖಾಲಿ ಫೋಲ್ಡರ್ ಸಮೇತ ಎಲ್ಲ ಒಳಫೋಲ್ಡರ್. /ಎಕ್ಸ್‌ಜೆ ಜಂಕ್ಷನ್‌ಗಳನ್ನು, ಅಂದರೆ ಬೇರೆ ಫೋಲ್ಡರ್ ಕಡೆ ಬೆರಳು ತೋರಿಸುವ ಕೊಂಡಿಗಳನ್ನು, ಬಿಡುತ್ತದೆ. ಅದಿಲ್ಲದೆ ಯೂಸರ್ ಫೋಲ್ಡರ್ ಕಾಪಿ ಮಾಡಿದರೆ ಅಪ್ಲಿಕೇಶನ್ ಡೇಟಾ ಒಳಗೆ ಅಪ್ಲಿಕೇಶನ್ ಡೇಟಾ ಎಂದು ಸುತ್ತುತ್ತಲೇ ಇರುತ್ತದೆ. /ಆರ್ ಮತ್ತು /ಡಬ್ಲ್ಯೂ ಮರೆಯಲೇಬೇಡಿ. ಇವನ್ನು ಕೊಡದಿದ್ದರೆ ರೋಬೋಕಾಪಿ ಒಂದು ತೆರೆಯದ ಫೈಲಿಗಾಗಿ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ಲೆಕ್ಕ ಹಾಕಿ, 347 ದಿನ. ರಾತ್ರಿ ಹಚ್ಚಿ ಮಲಗಿದವರು ಬೆಳಗ್ಗೆ ನೋಡುವುದು ಅದೇ ಫೈಲಿನ ಮುಂದೆ ಕೂತ ಪರದೆಯನ್ನು. /ಯುನಿಲಾಗ್ ಯಾಕೆಂದರೆ ಸಾಮಾನ್ಯ ಲಾಗ್‌ನಲ್ಲಿ ಕನ್ನಡ ಹೆಸರಿನ ಫೈಲುಗಳೆಲ್ಲ ಪ್ರಶ್ನೆಚಿಹ್ನೆಯ ಸಾಲಾಗಿ ಬರಬಹುದು, ಯಾವ ಫೈಲು ಸೋತಿತೆಂದು ಗೊತ್ತಾಗುವುದಿಲ್ಲ. ಲಾಗ್ ಫೋಲ್ಡರ್ ಮೊದಲೇ ಮಾಡಿಟ್ಟಿರಿ.

ಎಲ್ಲ ಕಡೆ /ಎಂಐಆರ್ ಹಾಕಿ ಎಂಬ ಸಲಹೆ ಸಿಗುತ್ತದೆ. ಅದರ ಅರ್ಥ: ಮೂಲದಲ್ಲಿ ಇಲ್ಲದ್ದನ್ನು ಗುರಿಯಿಂದ ಅಳಿಸು. ಇಲ್ಲಿ ನಿಮ್ಮ ಒನ್‌ಡ್ರೈವ್‌ಗೆ ನೇರ ಸಂಬಂಧವಿದೆ. ಒನ್‌ಡ್ರೈವ್‌ನಲ್ಲಿ ಫೋಲ್ಡರ್ ಬ್ಯಾಕಪ್ ಒಪ್ಪಿಕೊಂಡ ದಿನ ಡಾಕ್ಯುಮೆಂಟ್ಸ್ ಫೋಲ್ಡರ್ "ಸಿ:\ಯೂಸರ್ಸ್\ಹೆಸರು\ಡಾಕ್ಯುಮೆಂಟ್ಸ್" ಜಾಗದಿಂದ ಎದ್ದು "ಸಿ:\ಯೂಸರ್ಸ್\ಹೆಸರು\ಒನ್‌ಡ್ರೈವ್\ಡಾಕ್ಯುಮೆಂಟ್ಸ್" ಒಳಗೆ ಹೋಗಿ ಕೂರುತ್ತದೆ. ಎಕ್ಸ್‌ಪ್ಲೋರರ್‌ನ ಎಡಪಟ್ಟಿಯಲ್ಲಿ ಏನೂ ಬದಲಾದಂತೆ ಕಾಣದು. ನಿಮ್ಮ ಹಳೆಯ ಸ್ಕ್ರಿಪ್ಟ್ ಮಾತ್ರ ಹಳೆಯ ಖಾಲಿ ಫೋಲ್ಡರನ್ನೇ ನೋಡುತ್ತಿರುತ್ತದೆ. /ಇ ಇದ್ದರೆ ಹೊಸದೇನೂ ಕಾಪಿ ಆಗುವುದಿಲ್ಲ, ಆದರೂ "ಯಶಸ್ವಿ". /ಎಂಐಆರ್ ಇದ್ದರೆ ಖಾಲಿ ಫೋಲ್ಡರಿಗೆ ತಕ್ಕಂತೆ ಬ್ಯಾಕಪ್ಪನ್ನೂ ಖಾಲಿ ಮಾಡಿ, ಅದನ್ನೂ "ಯಶಸ್ವಿ" ಎಂದು ಬರೆಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್ ನೋಡಿ ನಿಜವಾದ ದಾರಿಯನ್ನೇ ಸ್ಕ್ರಿಪ್ಟ್‌ಗೆ ಬರೆಯಿರಿ.

/ಎಂಐಆರ್ ಬಳಸಲೇಬೇಕೆಂದಿದ್ದರೆ ಅದೇ ಸಾಲಿಗೆ /ಎಲ್ ಸೇರಿಸಿ ಮೊದಲು ಓಡಿಸಿ. ಏನು ಮಾಡುತ್ತಿತ್ತು ಎಂಬುದನ್ನು ಬರೀ ಪಟ್ಟಿ ಕೊಡುತ್ತದೆ, ಯಾವುದನ್ನೂ ಮುಟ್ಟುವುದಿಲ್ಲ. ಕೊನೆಯ ಕೋಷ್ಟಕದಲ್ಲಿ "ಎಕ್ಸ್‌ಟ್ರಾಸ್" ಕಾಲಮ್‌ನ ಸಂಖ್ಯೆಯೇ ಅಳಿದುಹೋಗಲಿರುವ ಫೈಲುಗಳದ್ದು. ಅಲ್ಲಿ 12 ಎಂದು ನಿರೀಕ್ಷಿಸಿದ ಕಡೆ 14,000 ಇದ್ದರೆ ನಿಲ್ಲಿಸಿ.

ಡ್ರೈವ್ ಅಕ್ಷರ ಬದಲಾಗುವುದು ಇನ್ನೊಂದು ಅಪಾಯ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಬ್ಯಾಕಪ್ ಡಿಸ್ಕ್‌ಗೆ ಎಕ್ಸ್ ಎಂಬ ಅಕ್ಷರ ಕೊಟ್ಟುಬಿಡಿ. ಡಿಸ್ಕ್‌ನ ಬೇರಿನಲ್ಲಿ ಒಂದು ಸಣ್ಣ ಗುರುತಿನ ಫೈಲ್ ಇಟ್ಟು, ಅದು ಕಾಣದಿದ್ದರೆ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲುವಂತೆ ಮೊದಲ ಸಾಲು ಬರೆಯಿರಿ. ದಾರಿಯ ಕೊನೆಯಲ್ಲಿ ಹಿಮ್ಮುಖ ಗೆರೆ ಹಾಕಿ ತಕ್ಷಣ ಉದ್ಧರಣ ಚಿಹ್ನೆ ಮುಚ್ಚಬೇಡಿ. ಆ ಗೆರೆ ಚಿಹ್ನೆಯನ್ನೇ ನುಂಗಿ ಮುಂದಿನ ಸ್ವಿಚ್‌ಗಳೆಲ್ಲ ಫೋಲ್ಡರ್ ಹೆಸರಿನ ಭಾಗ ಆಗಿಬಿಡುತ್ತವೆ.

ಮುಗಿದ ಮೇಲೆ ಎರರ್ ಲೆವೆಲ್, ಅಂದರೆ ಆಜ್ಞೆ ಕೊನೆಗೆ ಕೊಡುವ ಫಲಿತಾಂಶದ ಸಂಖ್ಯೆ, ನೋಡಿ. 0 ಬಂದರೆ ಬದಲಾದದ್ದೇ ಇಲ್ಲ, 1 ಬಂದರೆ ಕಾಪಿ ಆಗಿದೆ. 7ರವರೆಗೆ ಸೋಲಿಲ್ಲ. 8 ಅಥವಾ ಮೇಲೆ ಬಂದರೆ ಕನಿಷ್ಠ ಒಂದು ಫೈಲು ಕಾಪಿ ಆಗಿಲ್ಲ. 1 ಬಂದದ್ದನ್ನೇ ವೈಫಲ್ಯ ಎಂದು ತಿಳಿದು ತಲೆ ಕೆಡಿಸಿಕೊಳ್ಳುವವರು ಬಹಳ.

ದಾಖಲೆಗಳ 40 ಜಿಬಿಗೆ ಹಳೆಯ ಆವೃತ್ತಿಗಳೂ ಬೇಕು. ಅದಕ್ಕೆ ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ ಫೈಲ್ ಹಿಸ್ಟರಿ ಸಾಕು, ಡಿಸ್ಕ್ ಚುಚ್ಚಿದ್ದಾಗ ಗಂಟೆಗೊಮ್ಮೆ ಬದಲಾದದ್ದನ್ನು ಎತ್ತಿಟ್ಟುಕೊಳ್ಳುತ್ತದೆ. ಆದರೆ ಅದು ಪ್ರತಿ ಫೈಲಿನ ಹೆಸರಿಗೆ ದಿನಾಂಕ, ಸಮಯ ಸೇರಿಸುವುದರಿಂದ ಹೆಸರು 26 ಅಕ್ಷರ ಉದ್ದವಾಗುತ್ತದೆ. ದಾರಿಯೂ ಸೇರಿ ಮಿತಿ ಮೀರಿದರೆ ಆ ಫೈಲನ್ನು ಬಿಟ್ಟು ಮುಂದೆ ಹೋಗುತ್ತದೆ, ನಿಮಗೆ ಹೇಳುವುದಿಲ್ಲ. ಈವೆಂಟ್ ವ್ಯೂವರ್‌ನಲ್ಲಿ ಮಾತ್ರ ಬರೆದಿಡುತ್ತದೆ. ಫೋಲ್ಡರ್ ಒಳಗೆ ಫೋಲ್ಡರ್ ಎಂದು ಹತ್ತು ಹಂತ ಇಳಿದಿರುವ ಕೆಲಸದ ಫೈಲುಗಳಿದ್ದರೆ ಅಲ್ಲಿ ತೆಗೆದು ನೋಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. ಡಾಕ್ಯುಮೆಂಟ್ಸ್ ನಿಜವಾಗಿಯೂ ಒನ್‌ಡ್ರೈವ್ ಒಳಗೇ ಇತ್ತು, ದಾರಿ ಸರಿಪಡಿಸಿದೆ. ಮೊದಲ ಓಟ ಮುಗಿದಿದೆ, ಎರರ್ ಲೆವೆಲ್ 9. ಲಾಗ್‌ನಲ್ಲಿ ಮೂರು ಬಗೆಯ ಸಾಲುಗಳಿವೆ. ಪಿಎಸ್‌ಟಿ ಫೈಲಿಗೆ ಎರರ್ 32. ಎರಡು ವಿಡಿಯೊಗೆ ಎರರ್ 121. ಒಂದು ಹಳೆಯ ಫೋಟೋ ಫೋಲ್ಡರಿನ ನಾಲ್ಕು ಫೈಲಿಗೆ ಎರರ್ 23.

ವೇಗವೂ ವಿಚಿತ್ರವಾಗಿತ್ತು. ಶುರುವಿನಲ್ಲಿ ಸೆಕೆಂಡಿಗೆ 110 ಎಂಬಿ, ಮುಕ್ಕಾಲು ಗಂಟೆ ಆದ ಮೇಲೆ 20ಕ್ಕೆ ಇಳಿದು ಅಲ್ಲೇ ನಿಂತಿತು. ಡಿಸ್ಕ್ ಹೋಗುವ ಸೂಚನೆಯೇ?

ಉತ್ತರ 3

ಮೂರು ಎರರ್‌ಗೂ ಮೂರು ಬೇರೆ ಕಾರಣ. ಒಂದೊಂದಾಗಿ ನೋಡೋಣ, 23 ಎಲ್ಲಕ್ಕಿಂತ ಮುಖ್ಯ.

32 ಅಂದರೆ ಬೇರೆ ಪ್ರೋಗ್ರಾಂ ಆ ಫೈಲನ್ನು ಹಿಡಿದಿದೆ. ಔಟ್‌ಲುಕ್ ಮುಚ್ಚಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ನಿಜವಾಗಿ ಹೋಗಿದೆಯೇ ನೋಡಿ ಮತ್ತೆ ಓಡಿಸಿ. ಕಿಟಕಿ ಮುಚ್ಚಿದ ಮೇಲೂ ಅದು ಹಿನ್ನೆಲೆಯಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಫೋಟೋ ಕ್ಯಾಟಲಾಗ್ ಇಡುವ ಪ್ರೋಗ್ರಾಂ, ಲೆಕ್ಕಪತ್ರದ ಪ್ರೋಗ್ರಾಂ ಬಳಸುತ್ತಿದ್ದರೆ ಅವನ್ನೂ ಮುಚ್ಚಿಯೇ ಬ್ಯಾಕಪ್ ಹಚ್ಚಿ. ಎರರ್ ಬಾರದೆ ಕಾಪಿ ಆದರೂ ಅರ್ಧ ಬರೆದ ಡೇಟಾಬೇಸ್ ಬಂದಿರಬಹುದು, ಅದು ತೆರೆಯುವುದಿಲ್ಲ.

121 ಅಂದರೆ ಸಾಧನ ಸಮಯಕ್ಕೆ ಉತ್ತರ ಕೊಡಲಿಲ್ಲ. ಯುಎಸ್‌ಬಿ ಡಿಸ್ಕ್‌ನಲ್ಲಿ ಇದು ಬಂದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲ್. ಪೋರ್ಟಬಲ್ ಡಿಸ್ಕ್‌ನ ಅಗಲವಾದ ಮೈಕ್ರೋ-ಬಿ ಪಿನ್ ಬೇಗ ಸಡಿಲವಾಗುತ್ತದೆ. ಕೇಬಲ್ ತುದಿಯನ್ನು ಬೆರಳಲ್ಲಿ ಮೆಲ್ಲಗೆ ಅಲುಗಿಸಿದಾಗ ಡಿಸ್ಕ್ ಹೋಗಿ ಬಂದರೆ ಅದೇ ಕಾರಣ. ಹಬ್ ಮೂಲಕ ಹಾಕಿದ್ದರೆ ತೆಗೆದು ನೇರ ಲ್ಯಾಪ್‌ಟಾಪ್‌ಗೆ ಹಾಕಿ. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದ ಕರೆಂಟ್ 500 ಮಿಲಿಆಂಪ್, ಯುಎಸ್‌ಬಿ 3 ಪೋರ್ಟ್‌ನದು 900. ಒಂದೇ ಹಬ್‌ನಲ್ಲಿ ಎರಡು ಡಿಸ್ಕ್ ಹಂಚಿಕೊಂಡರೆ ತಟ್ಟೆ ತಿರುಗಿಸುವಷ್ಟು ಶಕ್ತಿ ಸಿಗದೆ ಹೀಗಾಗುತ್ತದೆ.

23 ಬೇರೆಯೇ. ಸಿಆರ್‌ಸಿ ತಪ್ಪು, ಅಂದರೆ ಬರೆದದ್ದು ಓದಲು ಬರುತ್ತಿಲ್ಲ. ಇದು ನಿಮ್ಮ ಎಸ್‌ಎಸ್‌ಡಿಯಲ್ಲಿಯ ಮೂಲ ಫೋಟೋ ಓದುವಾಗ ಬಂತೋ, ಹಾರ್ಡ್ ಡಿಸ್ಕ್‌ನಲ್ಲಿಯ ಹಳೆಯ ಪ್ರತಿಯನ್ನು ಮುಟ್ಟುವಾಗ ಬಂತೋ ಮೊದಲು ತಿಳಿಯಬೇಕು. ಆ ನಾಲ್ಕು ಫೋಟೋಗಳನ್ನು ಎರಡೂ ಕಡೆಯಿಂದ ತೆರೆದು ನೋಡಿ. ಥಂಬ್‌ನೇಲ್ ನಂಬಬೇಡಿ, ಅದು ಬೇರೆ ಕಡೆ ಉಳಿಸಿಟ್ಟ ಚಿತ್ರ. ಪೂರ್ತಿ ಅಳತೆಯಲ್ಲಿ ತೆರೆಯಿರಿ. ಕೆಟ್ಟ ಜೆಪೆಗ್ ಸಾಮಾನ್ಯವಾಗಿ ಮೇಲರ್ಧ ಚೆನ್ನಾಗಿಯೇ ಕಂಡು, ಒಂದು ಅಡ್ಡಗೆರೆಯಿಂದ ಕೆಳಗೆ ಬರೀ ಬೂದು ಬಣ್ಣ, ಇಲ್ಲವೇ ಚಿತ್ರ ಪಕ್ಕಕ್ಕೆ ಸರಿದು ಬಣ್ಣ ಬದಲಾದ ಪಟ್ಟಿಗಳಾಗಿ ಕಾಣುತ್ತದೆ. ಒಂದು ಕಡೆ ಚೆನ್ನಾಗಿದ್ದರೆ ಅದನ್ನು ಮೂರನೆಯ ಜಾಗಕ್ಕೆ ಈಗಲೇ ಕಾಪಿ ಮಾಡಿ, ಆಮೇಲೆ ಉಳಿದ ಮಾತು.

ಅದಾದ ಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ಎರಡೂ ಡಿಸ್ಕ್‌ನ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. ರಾ ಮೌಲ್ಯಗಳು, ಅಂದರೆ ನೇರ ಎಣಿಕೆಗಳು, ಅದರಲ್ಲಿ ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) ಬರುತ್ತವೆ. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ದಶಮಾನಕ್ಕೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ 10 ಎಂದು ಕಂಡದ್ದು ನಿಜಕ್ಕೆ 16. ಹಾರ್ಡ್ ಡಿಸ್ಕ್‌ನಲ್ಲಿ ನೋಡಬೇಕಾದ ಸಾಲು 5, 197, 198. 5 ಅಂದರೆ ಕೆಟ್ಟ ಸೆಕ್ಟರ್‌ಗೆ ಬದಲಿ ಜಾಗ ಕೊಟ್ಟಿರುವ ಎಣಿಕೆ. 197 ಅಂದರೆ ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್. 198 ಡಿಸ್ಕ್ ತಾನೇ ಪರೀಕ್ಷಿಸಿ ಸರಿಪಡಿಸಲಾಗದೆ ಬಿಟ್ಟದ್ದು. ಮೂರರ ರಾ ಮೌಲ್ಯವೂ ಸೊನ್ನೆ ಇರಬೇಕು. 5ರಲ್ಲಿ ಒಂದು ಸಣ್ಣ ಸಂಖ್ಯೆ ಬಂದು ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಎರಡನೆಯ ದರ್ಜೆಯ ಕೆಲಸಕ್ಕೆ ಇಟ್ಟುಕೊಳ್ಳಬಹುದು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಮೇಲೆ ಇನ್ನೊಂದು ಫೈಲನ್ನೂ ನಂಬಿ ಇಡಬೇಡಿ. 199 ಏರುತ್ತಿದ್ದರೆ ತಟ್ಟೆಯದಲ್ಲ, ಒಳಗಿನ ಸಂಪರ್ಕದ ತೊಂದರೆ.

ವೇಗ ಇಳಿದದ್ದು ಕಾಯಿಲೆ ಅಲ್ಲ. ಈಗಿನ 2.5 ಇಂಚಿನ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಬಹುಪಾಲು ಎಸ್‌ಎಂಆರ್ ಬಗೆಯವು. ಹೆಂಚು ಹೊದಿಸಿದ ಹಾಗೆ ಒಂದು ಟ್ರ್ಯಾಕ್ ಇನ್ನೊಂದರ ಅಂಚಿನ ಮೇಲೆ ಕೂರುತ್ತದೆ. ನಡುವಿನದೊಂದನ್ನು ಬದಲಿಸಬೇಕಾದರೆ ಆ ಗುಂಪನ್ನೇ ಓದಿ ಮತ್ತೆ ಬರೆಯಬೇಕು. ಬಂದದ್ದನ್ನು ಮೊದಲು ಒಂದು ತಾತ್ಕಾಲಿಕ ಜಾಗಕ್ಕೆ ವೇಗವಾಗಿ ಹಾಕಿಕೊಳ್ಳುತ್ತದೆ, ಆ ಜಾಗ ತುಂಬಿದ ಮೇಲೆ ನಿಜವಾದ ವೇಗ ಗೊತ್ತಾಗುತ್ತದೆ. ಬ್ಯಾಕಪ್‌ಗೆ ಇದು ದೋಷವಲ್ಲ, ಕಾಯಬೇಕು ಅಷ್ಟೆ. ಕಾಪಿ ಮುಗಿದರೂ ದೀಪ ಮಿನುಗುತ್ತಿದ್ದರೆ ಡಿಸ್ಕ್ ಒಳಗೊಳಗೇ ಜೋಡಿಸಿಕೊಳ್ಳುತ್ತಿದೆ, ಅದು ನಿಲ್ಲುವ ತನಕ ಬಿಡಿ.

ಎರಡನೆಯದಕ್ಕೂ ಹಾರ್ಡ್ ಡಿಸ್ಕೇ ಕೊಳ್ಳಿ ಎನ್ನುತ್ತೇನೆ. ಎಸ್‌ಎಸ್‌ಡಿ ಚಾರ್ಜ್ ಹಿಡಿದಿಟ್ಟು ಡೇಟಾ ಉಳಿಸುವುದು. ಬರೆಯುವ ಮಿತಿ ಪೂರ್ತಿ ಮುಗಿಸಿದ ಸಾಮಾನ್ಯ ಎಸ್‌ಎಸ್‌ಡಿ, ಕರೆಂಟ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ವರ್ಷ ಡೇಟಾ ಉಳಿಸಿದರೆ ಸಾಕು ಎಂಬುದು ಚಿಪ್ ಉದ್ಯಮದ ಜೆಡೆಕ್ ಸಂಸ್ಥೆಯ ಮಾನದಂಡ. ಹೊಸದು ಅದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ, ಸರಿ. ಆದರೂ ಬೇರೆ ಕಡೆ ಕಪಾಟಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂರುವ ಪ್ರತಿಗೆ ಹಾರ್ಡ್ ಡಿಸ್ಕ್ ಒಳ್ಳೆಯದು. ಹಾರ್ಡ್ ಡಿಸ್ಕ್ ಕೆಡುವಾಗ ಸದ್ದು, ನಿಧಾನ, ಸ್ಮಾರ್ಟ್ ಸಂಖ್ಯೆ ಏನಾದರೊಂದು ಮುನ್ಸೂಚನೆ ಕೊಡುವುದುಂಟು. ಎಸ್‌ಎಸ್‌ಡಿ ಬಹಳ ಸಲ ನಿನ್ನೆ ಇತ್ತು, ಇವತ್ತು ಬಯಾಸ್‌ನಲ್ಲೇ ಕಾಣುತ್ತಿಲ್ಲ ಎಂಬಂತೆ ಹೋಗುತ್ತದೆ. ಪೆನ್ ಡ್ರೈವ್‌ನ ಮಾತೇ ಬೇಡ.

ಹೊಸ ಡಿಸ್ಕ್ ಬಂದ ಕೂಡಲೇ ಕ್ವಿಕ್ ಫಾರ್ಮ್ಯಾಟ್‌ನ ಟಿಕ್ ತೆಗೆದು ಎನ್‌ಟಿಎಫ್‌ಎಸ್‌ಗೆ ಪೂರ್ತಿ ಫಾರ್ಮ್ಯಾಟ್ ಮಾಡಿ. ಪ್ರತಿ ಸೆಕ್ಟರ್‌ಗೂ ಸೊನ್ನೆ ಬರೆಯುವುದರಿಂದ 2 ಟಿಬಿಗೆ ಐದಾರು ಗಂಟೆ ಹಿಡಿಯುತ್ತದೆ. ಮುಗಿದ ಮೇಲೆ 5, 197, 198 ಮತ್ತೆ ನೋಡಿ. ಏನಾದರೂ ಏರಿದ್ದರೆ ಬದಲಾಯಿಸಿಕೊಳ್ಳುವ ಅವಧಿಯೊಳಗೇ ವಾಪಸ್ ಕೊಡಿ. ಎಕ್ಸ್‌ಫ್ಯಾಟ್ ಬೇಡ, ಅದಕ್ಕೆ ಜರ್ನಲ್ (ಬದಲಾವಣೆಯನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲ. ಬರೆಯುವಾಗ ಕೇಬಲ್ ಕಿತ್ತರೆ ಒಂದು ಫೈಲಲ್ಲ, ಇಡೀ ಫೋಲ್ಡರ್ ಪಟ್ಟಿಯೇ ಹೋಗಬಹುದು.

ಉತ್ತರ 4

ಮೇಲಿನವರು ಹೇಳಿದ್ದೆಲ್ಲ ಸರಿ. ರೋಬೋಕಾಪಿಯ ಒಂದು ಮಿತಿಯನ್ನು ಮಾತ್ರ ಸೇರಿಸಬೇಕು, ಯಾಕೆಂದರೆ ಆ ನಾಲ್ಕು ಫೋಟೋಗಳ ಕತೆ ಅಲ್ಲೇ ಇದೆ.

ರೋಬೋಕಾಪಿ ಫೈಲು ಬದಲಾಗಿದೆಯೇ ಎಂದು ನೋಡುವುದು ಅಳತೆ ಮತ್ತು ಸಮಯದಿಂದ, ಒಳಗಿನದನ್ನು ಓದುವುದಿಲ್ಲ. ಡಿಸ್ಕ್‌ನಲ್ಲಿ ತಾನಾಗಿ ಕೆಟ್ಟ ಫೋಟೋದ ಅಳತೆ, ಸಮಯ ಬದಲಾಗುವುದಿಲ್ಲ. ಹಾಗಾಗಿ ಕೆಟ್ಟದ್ದು ಬ್ಯಾಕಪ್ ಮೇಲೆ ಕೂರುವುದಿಲ್ಲ, ಇದು ಒಳ್ಳೆಯದು. ಆದರೆ ಕೆಟ್ಟಿದೆ ಎಂಬುದು ಎಂದೂ ಗೊತ್ತಾಗುವುದೂ ಇಲ್ಲ. ಇನ್ನು ನೀವೇ ಫೈಲನ್ನು ತಪ್ಪಾಗಿ ಬದಲಿಸಿ ಸೇವ್ ಮಾಡಿದರೆ ಸಮಯ ಹೊಸದು, ಮುಂದಿನ ಓಟದಲ್ಲಿ ಒಳ್ಳೆಯ ಹಳೆಯ ಪ್ರತಿ ಅಳಿಸಿಹೋಗುತ್ತದೆ. /ಇ ಹಾಕಿದ್ದರೂ ಅಷ್ಟೆ. ಡಿಲೀಟ್‌ನಿಂದ ಕಾಪಾಡುತ್ತದೆ, ಬದಲಾವಣೆಯಿಂದ ಅಲ್ಲ.

ಅದಕ್ಕೇ ಎರಡನೆಯ ಡಿಸ್ಕ್‌ಗೆ ರೆಸ್ಟಿಕ್ ಬಳಸಿ. ಉಚಿತ, ಒಂದೇ ಫೈಲಿನ ಪ್ರೋಗ್ರಾಂ. ಪ್ರತಿ ಓಟವೂ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಪೂರ್ತಿ ಪ್ರತಿ. ಫೈಲುಗಳನ್ನು ತುಂಡು ಮಾಡಿ, ಮೊದಲೇ ಇರುವ ತುಂಡನ್ನು ಮತ್ತೆ ಬರೆಯುವುದಿಲ್ಲ. 380 ಜಿಬಿಯ ಹತ್ತು ಸ್ನ್ಯಾಪ್‌ಶಾಟ್ ಇಟ್ಟರೂ 3,800 ಜಿಬಿ ಆಗದು, ಮೊದಲನೆಯದಕ್ಕೆ ಬದಲಾದದ್ದಷ್ಟೇ ಸೇರುತ್ತದೆ. ಎನ್‌ಕ್ರಿಪ್ಶನ್ ಕಡ್ಡಾಯವಾಗಿ ಇದೆ. ನಿಮ್ಮದು ಹೋಮ್ ಆವೃತ್ತಿ, ಹೊರಗಿನ ಡಿಸ್ಕ್‌ಗೆ ಬಿಟ್‌ಲಾಕರ್ ಹಾಕಲು ಅದರಲ್ಲಿ ಬರುವುದಿಲ್ಲ. ಬೇರೆಯವರ ಜಾಗದಲ್ಲಿ ಇಡುವ ಡಿಸ್ಕ್‌ಗೆ ಇದೇ ಬೀಗ ಆಯಿತು.

ಇನಿಟ್ ಆಜ್ಞೆಯಿಂದ ರೆಪೊಸಿಟರಿ (ಬ್ಯಾಕಪ್ ಎಲ್ಲ ಕೂರುವ ಫೋಲ್ಡರ್) ಒಮ್ಮೆ ತೆರೆಯಿರಿ, ಆಮೇಲೆ ಪ್ರತಿ ಸಲ ಬ್ಯಾಕಪ್ ಆಜ್ಞೆ. ಅದಕ್ಕೆ --ಯೂಸ್-ಎಫ್‌ಎಸ್-ಸ್ನ್ಯಾಪ್‌ಶಾಟ್ ಸೇರಿಸಿ ಅಡ್ಮಿನ್ ಆಗಿ ಓಡಿಸಿದರೆ ವಿಂಡೋಸ್‌ನ ಶ್ಯಾಡೋ ಕಾಪಿಯಿಂದ ಓದುತ್ತದೆ, ತೆರೆದಿರುವ ಪಿಎಸ್‌ಟಿಗೂ ಎರರ್ 32 ಬರುವುದಿಲ್ಲ. ಆದರೂ ಔಟ್‌ಲುಕ್ ಮುಚ್ಚುವುದೇ ಉತ್ತಮ. ಹಳೆಯದನ್ನು ಕಡಿಮೆ ಮಾಡಲು ಫರ್ಗೆಟ್ ಆಜ್ಞೆಗೆ ದಿನದ್ದು 7, ವಾರದ್ದು 4, ತಿಂಗಳದ್ದು 12 ಉಳಿಸು ಎಂದು ಹೇಳಿ --ಪ್ರೂನ್ ಸೇರಿಸಿ. ಪ್ರೂನ್ ಇಲ್ಲದೆ ಫರ್ಗೆಟ್ ಪಟ್ಟಿಯಿಂದ ಹೆಸರು ತೆಗೆಯುತ್ತದೆ ಅಷ್ಟೆ, ಜಾಗ ಬಿಡುಗಡೆ ಆಗದು.

ಪಾಸ್‌ವರ್ಡ್ ಮರೆತರೆ ಯಾರಿಂದಲೂ ತೆರೆಯಲು ಆಗದು, ಮರಳಿ ಪಡೆಯುವ ವ್ಯವಸ್ಥೆಯೇ ಇಲ್ಲ. ಲ್ಯಾಪ್‌ಟಾಪ್‌ನೊಳಗಿನ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಮಾತ್ರ ಇಟ್ಟಿದ್ದು ಲ್ಯಾಪ್‌ಟಾಪೇ ಹೋದರೆ? ಕಾಗದದ ಮೇಲೆ ಬರೆದು, ಡಿಸ್ಕ್ ಜೊತೆಗಲ್ಲದೆ ಬೇರೆ ಕಡೆ ಇಡಿ. ಲ್ಯಾಪ್‌ಟಾಪ್‌ನ ಡಿವೈಸ್ ಎನ್‌ಕ್ರಿಪ್ಶನ್ ಚಾಲೂ ಇದೆಯೇ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಎಷ್ಟೋ ಯಂತ್ರಗಳಲ್ಲಿ ಅದು ಕೇಳದೆಯೇ ಚಾಲೂ ಆಗಿರುತ್ತದೆ. ಮದರ್‌ಬೋರ್ಡ್ ಬದಲಾದ ದಿನ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಕಂಡರೆ ಅದನ್ನೂ ಅದೇ ಕಾಗದಕ್ಕೆ ಇಳಿಸಿ.

ಮೊದಲನೆಯ ಡಿಸ್ಕ್‌ನಲ್ಲಿ ರೋಬೋಕಾಪಿ ಹಾಗೇ ಇರಲಿ. ಯಾವ ಕಂಪ್ಯೂಟರಿಗೆ ಚುಚ್ಚಿದರೂ ಫೈಲು ನೇರ ತೆರೆಯುತ್ತದೆ, ಆ ಸರಳತೆಗೆ ಬೆಲೆಯಿದೆ. ಎರಡು ಡಿಸ್ಕ್, ಎರಡು ಬೇರೆ ಪ್ರೋಗ್ರಾಂ. ಒಂದರ ತಪ್ಪು ಇನ್ನೊಂದಕ್ಕೆ ತಾಗದು.

ಮುಂದೆ ಎಂದಾದರೂ ಲಿನಕ್ಸ್ ಆಧಾರಿತ ನೆಟ್‌ವರ್ಕ್ ಸ್ಟೋರೇಜ್‌ಗೆ ಕಾಪಿ ಮಾಡುವುದಾದರೆ ಕನ್ನಡ ಹೆಸರುಗಳ ಬಗ್ಗೆ ಎಚ್ಚರ. ಲಿನಕ್ಸ್‌ನ ಫೈಲ್ ವ್ಯವಸ್ಥೆಯಾದ ಎಕ್ಸ್‌ಟಿ4ನಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ, ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್. "ಸ್ತ್ರೀ" ನಮಗೆ ಒಂದಕ್ಷರ, ಅಲ್ಲಿ ಆರು ಸಂಕೇತ, 18 ಬೈಟ್. ಹೆಸರು 85 ಸಂಕೇತ ದಾಟಿದರೆ ವಿಂಡೋಸ್‌ನಲ್ಲಿ ಸರಿಯಾಗಿದ್ದ ಫೈಲು ಅಲ್ಲಿ ಕಾಪಿಯೇ ಆಗದು. ಪತ್ರದ ಇಡೀ ವಿಷಯವನ್ನು ಫೈಲಿನ ಹೆಸರಾಗಿ ಕೊಡುವ ಅಭ್ಯಾಸ ಇದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಪ್ರಶ್ನೆ ಕೇಳಿದವರು

ನಾಲ್ಕು ಫೋಟೋಗಳೂ ಎಸ್‌ಎಸ್‌ಡಿಯಿಂದ ಪೂರ್ತಿ ತೆರೆಯುತ್ತಿವೆ, ಹಾರ್ಡ್ ಡಿಸ್ಕ್‌ನಲ್ಲಿರುವವು ತೆರೆಯುತ್ತಿಲ್ಲ. ಡಿಸ್ಕ್‌ನ 197ರಲ್ಲಿ 24, 5ರಲ್ಲಿ 8. ಕೇಬಲ್ ಬದಲಿಸಿದ ಮೇಲೆ 121 ನಿಂತಿದೆ. ಬ್ಯಾಕಪ್ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ? 60,000 ಫೈಲು ತೆರೆದು ನೋಡಲಾಗದು.

ಉತ್ತರ 3

24 ಸೆಕ್ಟರ್ ತೀರ್ಮಾನಕ್ಕೆ ಕಾಯುತ್ತಿವೆ ಅಂದರೆ ಆ ಡಿಸ್ಕ್‌ಗೆ ನಿವೃತ್ತಿ ಕೊಡಿ. ಪೂರ್ತಿ ಫಾರ್ಮ್ಯಾಟ್ ಮಾಡಿದರೆ 197 ಸೊನ್ನೆಗೆ ಇಳಿಯಬಹುದು, ಅದನ್ನು ಗುಣವಾಯಿತು ಎಂದು ತಿಳಿಯಬೇಡಿ. ಕೊಳ್ಳಬೇಕಾದದ್ದು ಒಂದಲ್ಲ, ಎರಡು ಡಿಸ್ಕ್. ಎರಡೂ ಒಂದೇ ಮಾದರಿ, ಒಂದೇ ದಿನ ತಯಾರಾದವು ಆಗದಿರಲಿ. ಹೊಸತು ಬಂದು ಎರಡರಲ್ಲೂ ಕಾಪಿ ಪೂರ್ತಿ ಆಗುವ ತನಕ ಹಳೆಯದನ್ನು ಅಳಿಸದೆ ಪಕ್ಕಕ್ಕಿಡಿ.

ಉತ್ತರ 1

ಎಲ್ಲವನ್ನೂ ತೆರೆಯಬೇಕಿಲ್ಲ. ರೋಬೋಕಾಪಿ ಡಿಸ್ಕ್‌ಗೆ: ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಬಳಸಿ ಎರಡೂ ಕಡೆಯ ಫೈಲುಗಳ ಎಸ್‌ಎಚ್‌ಎ-256 (ಒಳಗಿನದನ್ನು ಓದಿ ಲೆಕ್ಕ ಹಾಕುವ ಬೆರಳಚ್ಚಿನಂಥ ಸಂಖ್ಯೆ) ಪಟ್ಟಿ ಮಾಡಿ ಹೋಲಿಸಿ. ಪಟ್ಟಿ ತೆಗೆಯುವ ಮುನ್ನ ಡಿಸ್ಕನ್ನು ಒಮ್ಮೆ ಇಜೆಕ್ಟ್ ಮಾಡಿ ಮತ್ತೆ ಚುಚ್ಚಿ. ಇಲ್ಲದಿದ್ದರೆ ಈಗಷ್ಟೇ ಬರೆದದ್ದನ್ನು ವಿಂಡೋಸ್ ಮೆಮೊರಿಯಿಂದಲೇ ಓದಿ ಕೊಡಬಹುದು, ತಟ್ಟೆಯ ಮೇಲೆ ಏನಿದೆ ಎಂಬುದು ಗೊತ್ತಾಗದು. ಹಾರ್ಡ್ ಡಿಸ್ಕ್ ಕಡೆಯ ಪಟ್ಟಿಗೆ ಒಂದರಿಂದ ಎರಡು ಗಂಟೆ ಬೇಕು. ಆ ಪಟ್ಟಿಯನ್ನು ಉಳಿಸಿಟ್ಟುಕೊಳ್ಳಿ, ಮುಂದಿನ ವರ್ಷ ಯಾವ ಕಡೆಯದು ಕೆಟ್ಟಿತೆಂದು ಹೇಳುವುದು ಅದೇ.

ರೆಸ್ಟಿಕ್ ಡಿಸ್ಕ್‌ಗೆ ಚೆಕ್ ಆಜ್ಞೆ ಇದೆ. ಬರೀ ಚೆಕ್ ಎಂದರೆ ಪಟ್ಟಿಯನ್ನಷ್ಟೇ ನೋಡುತ್ತದೆ, ಡೇಟಾ ಓದುವುದಿಲ್ಲ. --ರೀಡ್-ಡೇಟಾ-ಸಬ್‌ಸೆಟ್=1/10 ಕೊಟ್ಟರೆ ಹತ್ತನೇ ಒಂದು ಭಾಗ ಓದಿ ಹೋಲಿಸುತ್ತದೆ. ಮುಂದಿನ ಸಲ 2/10, ಹೀಗೆ ಹತ್ತು ಸಲದಲ್ಲಿ ಇಡೀ ಡಿಸ್ಕ್ ಆಗುತ್ತದೆ.

ಇವೆರಡೂ ಆದ ಮೇಲೆ ನಿಮ್ಮದಲ್ಲದ ಒಂದು ಕಂಪ್ಯೂಟರ್ ಹಿಡಿಯಿರಿ. ರೆಸ್ಟಿಕ್ ಪ್ರೋಗ್ರಾಂನ ಒಂದು ಪ್ರತಿಯನ್ನು ಅದೇ ಡಿಸ್ಕ್‌ನಲ್ಲಿ ರೆಪೊಸಿಟರಿಯ ಹೊರಗೆ ಇಟ್ಟಿರಿ, ಆ ದಿನ ನೆಟ್ ಇಲ್ಲದಿರಬಹುದು. ಕಾಗದ ನೋಡಿ ಪಾಸ್‌ವರ್ಡ್ ಟೈಪ್ ಮಾಡಿ. ಎರಡು ವರ್ಷ ಹಳೆಯ ಒಂದು ಫೋಟೋ ಫೋಲ್ಡರ್, ಕನ್ನಡ ಹೆಸರಿನ ಒಂದು ದಾಖಲೆ, ಪಿಎಸ್‌ಟಿ, ಈ ಮೂರನ್ನು ಖಾಲಿ ಫೋಲ್ಡರಿಗೆ ರಿಸ್ಟೋರ್ ಮಾಡಿ. ಪಿಎಸ್‌ಟಿಯನ್ನು ಔಟ್‌ಲುಕ್‌ನಲ್ಲಿ ತೆರೆದು ಒಂದು ಹಳೆಯ ಮೇಲ್‌ನ ಅಟ್ಯಾಚ್‌ಮೆಂಟ್ ತನಕ ಹೋಗಿ ನೋಡಿ. ಕಾಗದದಲ್ಲಿ ಸೊನ್ನೆಯೋ ಓ ಅಕ್ಷರವೋ ಎಂದು ಅನುಮಾನ ಬಂದರೆ ಈಗಲೇ ತಿದ್ದಿ ಬರೆಯಿರಿ, ಲ್ಯಾಪ್‌ಟಾಪ್ ಇನ್ನೂ ಕೈಯಲ್ಲಿರುವಾಗ.